ಮುನಿದ ರಕ್ತ

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ 1.10

ಅರವತ್ತೆರಡು ಟ್ಯೂಬ್. ಒಂಬತ್ತು ಗಂಟೆಯೊಳಗೆ. ಬೆರಳು ಮರಗಟ್ಟಿವೆ, ಪೆನ್ನು ಹಿಡಿಯುವುದೂ ಕಷ್ಟ. ರಕ್ತ ಎಣಿಸುವ ಮಷೀನಿಗೆ ಸೆಕೆ ಆಗಬಾರದಂತೆ, ಅದಕ್ಕೆ ಲ್ಯಾಬಿನಲ್ಲಿ ಹದಿನೆಂಟು ಡಿಗ್ರಿ ಎಸಿ. ಇದೇ ಕಟ್ಟಡದ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹದಿನಾಲ್ಕು ಹೆಂಗಸರು ಹಬೆಯಲ್ಲಿ ಬೇಯುತ್ತಾರೆ. ಅಲ್ಲಿರುವುದು ಒಂದು ಫ್ಯಾನ್. ಅದಕ್ಕೂ ಒಂದು ರೆಕ್ಕೆ ಇಲ್ಲ. ಈ ಆಸ್ಪತ್ರೆಯಲ್ಲಿ ಯಂತ್ರಕ್ಕಿರುವ ಮೈ ನಮಗಿಲ್ಲ.

ಇವತ್ತು ಒಂದು ಟ್ಯೂಬ್ ಮುನಿಯಿತು. ಹಾಗನ್ನುವುದು ನಮ್ಮ ಲ್ಯಾಬಿನ ಮಾತು. ರಕ್ತ ನೋಡಲು ಚೆನ್ನಾಗಿಯೇ ಇರುತ್ತದೆ, ಮಷೀನ್ ಮಾತ್ರ ಹುಚ್ಚುಚ್ಚಾಗಿ ಲೆಕ್ಕ ಕೊಡುತ್ತದೆ. ಕೆಂಪು ಕಣ ಅರ್ಧಕ್ಕರ್ಧ ಮಾಯ, ಉಳಿದ ಅಂಕಿ ಆಕಾಶದಲ್ಲಿ. ಆಗ ಟ್ಯೂಬನ್ನು ಮುಷ್ಟಿಯೊಳಗೆ ಹತ್ತು ನಿಮಿಷ ಬೆಚ್ಚಗಿಡಬೇಕು. ಅದಕ್ಕೆ ರಮಿಸುವುದು ಅಂತೀವಿ. ನನಗೆ ಕೆಲಸ ಕಲಿಸಿದ ಮೇಷ್ಟ್ರು, ಈಗ ರಿಟೈರ್ಡ್, ಹೇಳುತ್ತಿದ್ದರು: "ಮುನಿದ ಮಗೂನ ಬೈದ್ರೆ ಆಗುತ್ತಾ? ಕೈಯಲ್ಲಿ ಹಿಡ್ಕೊ. ತಾನೇ ಸರಿಹೋಗುತ್ತೆ."

ಸರಿಹೋಯಿತು. ಎರಡನೇ ಸಲ ಎಲ್ಲ ನಾರ್ಮಲ್. ರಿಪೋರ್ಟ್ ಹೋಯಿತು.

ರಿಪೀಟ್ ಮಾಡಿದ್ದನ್ನು ರಿಜಿಸ್ಟರಿನಲ್ಲಿ ಬರೆಯುವ ಹಾಗಿಲ್ಲ. ಬರೆದರೆ ಲ್ಯಾಬ್ ಮುಖ್ಯಸ್ಥನ ಗೋಡೆಯ ಮೇಲಿನ ತಪ್ಪುಗಳ ಗ್ರಾಫಿನಲ್ಲಿ ಗೆರೆ ಏರುತ್ತದೆ, ಇನ್‌ಸ್ಪೆಕ್ಷನ್ ಹತ್ತಿರ ಬಂದಿದೆ. ಅವನಿಗೆ ನಾವಿಟ್ಟ ಹೆಸರೇ ಗ್ರಾಫ್. ಪ್ರತಿ ಶನಿವಾರ ಮಷೀನಿನ ಮೆಮೊರಿಯನ್ನೂ ತೊಳೆದುಬಿಡುತ್ತಾನೆ. ನನಗೆ ಮನಸ್ಸು ತಡೆಯುವುದಿಲ್ಲ, ನಂಬರನ್ನು ಇಲ್ಲಿ ಗೀಚಿಡುತ್ತೇನೆ. ಯಾರೂ ಓದದ ಪುಸ್ತಕ ಇದು.

017.

ಬರೀ ನಂಬರ್, ಹೆಸರಿಲ್ಲ. ಸ್ಟಾಫ್ ಕ್ಲಿನಿಕ್ಕಿನಿಂದ ಬರುವ ರಕ್ತಕ್ಕೆಲ್ಲ ಹೀಗೇ. ಗೌಪ್ಯತೆ ಅಂತಾರೆ. ಡಾಕ್ಟರುಗಳ ರಕ್ತ ಬಂದಾಗ ಮಾತ್ರ ಪೂರ್ತಿ ಹೆಸರು, ಡಿಗ್ರಿ ಸಮೇತ. ಗುಡಿಸುವವರು, ಒಗೆಯುವವರು, ಹೊರುವವರು ಮಾತ್ರ ನಂಬರು.

ಲಾಂಡ್ರಿಯಲ್ಲೇ ಕೆಲಸ ಮಾಡುವ ತಂಗಿಗೆ ಕೆಮ್ಮು. ಒಂದು ವಾರವಾಯಿತು. ಕ್ಲಿನಿಕ್ಕಿಗೆ ಹೋಗಿ ಬಂದಳಂತೆ. "ಎದೆ ಕ್ಲಿಯರ್" ಅಂದನಂತೆ ಡಾಕ್ಟರ್. ಅಮಾಕ್ಸಿಸಿಲಿನ್, ಐದು ದಿನ.


ಫೆಬ್ರವರಿ 5, ಬುಧವಾರ. ಸಂಜೆ 7

ಒಣ ಕೆಮ್ಮು. ಕಫ ಇಲ್ಲ, ಏನಿಲ್ಲ. ಮಾತಿನ ನಡುವೆ ಬಂದು ಮಾತನ್ನೇ ತಿಂದುಹಾಕುತ್ತದೆ. ಮೆಟ್ಟಿಲು ಹತ್ತಿ ಬಂದವಳು ಚಪ್ಪಲಿ ಬಿಡುವ ಮೊದಲು ಗೋಡೆ ಹಿಡಿದು ನಿಂತಳು. "ಏನೇ?" ಅಂದರೆ, "ಏನಿಲ್ಲಕ್ಕ, ಗೋಡೆ ಬೀಳ್ತಿತ್ತು, ಹಿಡ್ಕೊಂಡೆ" ಅಂತಾಳೆ. ಮೂವತ್ತೆರಡು ವರ್ಷ, ಇನ್ನೂ ಹುಡುಗಾಟ.

ಲಾಂಡ್ರಿಯ ಕತೆ ಹೇಳಿದಳು. ಸೂಪರ್‌ವೈಸರ್ — ಟ್ರಾಲಿ ಬಂದಾಗೆಲ್ಲ ಸೀಟಿ ಊದುತ್ತಾನೆ, ಅವನ ಹೆಸರೇ ಸೀಟಿ — ಇವತ್ತು ಎಲ್ಲರನ್ನೂ ನಿಲ್ಲಿಸಿಕೊಂಡನಂತೆ.

"ಏನಂದ ಗೊತ್ತಾ ಅಕ್ಕ? 'ಒಬ್ಬಳು ಕೆಮ್ಮಿದ್ರೆ ಎಲ್ಲಾರೂ ಕೆಮ್ತೀರಲ್ಲ, ಏನು ಕೋರಸ್ಸಾ?' ಅಂದ. ಮೈಕ್ ಬಿಡ್ತಾಳಾ? 'ಹೌದು ಸಾರ್, ಪಲ್ಲವಿ ನಮ್ದು, ಸೀಟಿ ನಿಮ್ದು' ಅಂದ್ಲು."

ಮೈಕ್ ಅಂದರೆ ಇವಳ ಜೊತೆ ತೊಟ್ಟಿಯ ಹತ್ತಿರ ನಿಲ್ಲುವವಳು. ಬಾಯಿ ತೆರೆದರೆ ಮೂರನೇ ಮಹಡಿಗೆ ಕೇಳಿಸುತ್ತಿತ್ತು. ಈಗ ಅವಳಿಗೂ ಕೆಮ್ಮು, ದನಿ ಹೋಗಿದೆ.

"ವೈರ್ ಕಟ್ಟಾಗಿದೆ ಅಕ್ಕ, ಆದ್ರೂ ಬೈಯೋದು ಬಿಟ್ಟಿಲ್ಲ. ಬಾಯಿ ಆಡಿಸ್ತಾಳೆ, ನಾವು ಅರ್ಥ ಮಾಡ್ಕೋಬೇಕು."

ನಕ್ಕಳು. ನಗು ಕೆಮ್ಮಾಯಿತು. ಎರಡು ನಿಮಿಷ ನಿಲ್ಲಲಿಲ್ಲ.

ಎಷ್ಟು ಜನ ಕೆಮ್ತಿದ್ದಾರೆ ಅಂತ ಕೇಳಿದೆ. "ಐದಾರು ಜನ... ಯಾರು ಎಣಿಸ್ತಾರೆ?"

ಇವತ್ತು ಎರಡು ಮುನಿದವು. 031. 034. ಎಸಿಯವನನ್ನು ಕರೆಸಬೇಕು, ತೀರಾ ತಂಪು ಮಾಡಿದ್ದಾನೆ.


ಫೆಬ್ರವರಿ 8, ಶನಿವಾರ. ಸಂಜೆ

ಒಂದು ಮುನಿಯಿತು. 058. ಗ್ರಾಫ್ ಮಧ್ಯಾಹ್ನ ಮೆಮೊರಿ ತೊಳೆದ. "ಈ ವಾರ ಎಷ್ಟು ರಿಪೀಟು?" ಅಂದ. "ಇಲ್ಲ ಸಾರ್" ಅಂದೆ. "ಗುಡ್" ಅಂದ. ಸುಳ್ಳು ಹೇಳಿದವಳಿಗೂ ಗುಡ್, ಹೇಳಿಸಿದವನಿಗೂ ಗುಡ್.

ತಂಗಿ ಕೈ ತೋರಿಸಿದಳು. ಬೆರಳ ತುದಿಗಳು ನೀಲಿ. ಇವಳ ಕೆಲಸ ಕೊನೆಯ ತೊಟ್ಟಿಯಲ್ಲಿ. ಡಾಕ್ಟರುಗಳ ಬಿಳಿ ಕೋಟುಗಳನ್ನು ನೀಲಿ ಬೆರೆಸಿದ ತಣ್ಣೀರಿನಲ್ಲಿ ಅದ್ದಿ ಹಿಂಡುವುದು. "ನೋಡು, ಅವರ ಕೋಟು ಬೆಳ್ಳಗಾಗ್ಲಿ ಅಂತ ನನ್ನ ಕೈಗೆ ಬಣ್ಣ" ಅಂದಳು. ಸೋಪು ಹಾಕಿ ಉಜ್ಜಿದೆ. ನೀರು ತಣ್ಣಗಿತ್ತು. ಬಣ್ಣ ಹೋಗುವ ಬದಲು ಹೆಚ್ಚಾದ ಹಾಗೆ ಕಂಡಿತು. ಸೋತು ಬಿಟ್ಟೆ, ಬಿಸಿ ಕಾಫಿ ಕೊಟ್ಟೆ. ಲೋಟ ಹಿಡಿದು ಕೂತಳು. ಕುಡಿದು ಮುಗಿಸುವಷ್ಟರಲ್ಲಿ ಬೆರಳು ಸರಿಯಾಗಿದ್ದವು.

"ಸೋಪಿಗೆ ಹೋಗದ್ದು ಕಾಫಿಗೆ ಹೋಯ್ತಲ್ಲೇ" ಅಂದೆ. "ನಾಳೆಯಿಂದ ಕೋಟುಗಳನ್ನೂ ಕಾಫಿಯಲ್ಲೇ ಅದ್ದೋಣ" ಅಂದಳು.

ಮಾತ್ರೆ ಮುಗಿಯಿತು. ಕೆಮ್ಮು ಮುಗಿಯಲಿಲ್ಲ.


ಫೆಬ್ರವರಿ 12, ಬುಧವಾರ. ಮಧ್ಯಾಹ್ನ

ಮೂರು. 081, 083, 086. ರಮಿಸಿ ರಮಿಸಿ ನನ್ನ ಅಂಗೈಯೇ ತಣ್ಣಗಾಯಿತು.

ಊಟದ ಹೊತ್ತಿನಲ್ಲಿ ಸ್ಟಾಫ್ ಕ್ಲಿನಿಕ್ಕಿಗೆ ಹೋದೆ. ಅಲ್ಲಿಯ ಡಾಕ್ಟರನ್ನು ಎಲ್ಲರೂ ಮೂರು ನಿಮಿಷ ಅಂತೀವಿ. ಒಬ್ಬರಿಗೆ ಅಷ್ಟೇ. ನನಗೆ ಅಷ್ಟೂ ಸಿಗಲಿಲ್ಲ.

"ಸರ್, ನನ್ನ ತಂಗಿ. ಲಾಂಡ್ರಿಯವಳು. ಹದಿನೈದು ದಿನ ಆಯ್ತು ಕೆಮ್ಮು. ಸಂಜೆ ಆದ್ರೆ ಜ್ವರ. ಒಂದು ಎಕ್ಸ್‌ರೇ ಬರೀರಿ."

"ಸ್ಟೆತ್ ಇಟ್ಟು ನೋಡಿದ್ದೀನಿ. ಎದೆ ಕ್ಲಿಯರ್."

"ನ್ಯುಮೋನಿಯಾ ಇದ್ರೆ?"

ನಕ್ಕ. ಪಕ್ಕದ ನರ್ಸನ್ನು ನೋಡಿ ನಕ್ಕ. "ನಡ್ಕೊಂಡು ಬಂದಿದ್ಲಲ್ಲಮ್ಮ. ನ್ಯುಮೋನಿಯಾ ಇದ್ರೆ ಹೊತ್ಕೊಂಡು ಬರ್ತಿದ್ರು. ಬೆಳಿಗ್ಗೆ ರಕ್ತ ತೆಗ್ಸಿದ್ದೀನಿ, ರಿಪೋರ್ಟ್ ಬರ್ಲಿ. ಲಾಂಡ್ರಿಯಿಂದ ದಿನಾ ಇಬ್ಬರು ಮೂವರು ಬರ್ತಾರೆ, ಕೆಮ್ಮು ಕೆಮ್ಮು ಅಂತ. ರಜಾ ಬೇಕು ಅಷ್ಟೇ."

"ರಜಾ ಬೇಕಿದ್ರೆ ಕೆಮ್ಮೋದು ಯಾಕೆ ಸರ್, ಕೇಳಬಹುದಲ್ಲ?"

"ಕೇಳಿದ್ರೆ ಕೊಡಲ್ವಲ್ಲ, ಅದಕ್ಕೇ."

ಇಷ್ಟು ನಿಜ ಅವನ ಬಾಯಿಂದ ಬಂತಲ್ಲ, ಅದೇ ಆಶ್ಚರ್ಯ. ಹೊಸ ಮಾತ್ರೆ ಬರೆದ. ಸೆಫಿಕ್ಸಿಮ್. "ಇದು ಸ್ಟ್ರಾಂಗು" ಅಂದ.


ಫೆಬ್ರವರಿ 13, ಗುರುವಾರ. ಸಂಜೆ 6.30

ರಿಪೋರ್ಟ್ ಬಂತು. ತಂಗಿ ಚೀಟಿಯನ್ನು ನನ್ನ ಮುಖದ ಮುಂದೆ ಬೀಸಿದಳು.

"ನಿಮ್ಮ ಲ್ಯಾಬೇ ಹೇಳಿದೆ ಅಕ್ಕ, ನಾನು ಸರಿಯಾಗಿದ್ದೀನಂತೆ. ಈಗ ನೀನೇ ಸುಳ್ಳು ಅಂತೀಯಾ?"

ನೋಡಿದೆ. ಹಿಮೋಗ್ಲೋಬಿನ್ ಹನ್ನೆರಡು ಪಾಯಿಂಟ್ ಎರಡು. ಬಿಳಿ ಕಣ ನಾರ್ಮಲ್. ಎಲ್ಲ ನಾರ್ಮಲ್. ಕೆಳಗೆ ಮೂರು ನಿಮಿಷನ ಸೀಲು — ಫಿಟ್ ಫಾರ್ ಡ್ಯೂಟಿ. ಉಸಿರು ಬಿಟ್ಟೆ. ಸದ್ಯ, ರಕ್ತದಲ್ಲಿ ಏನಿಲ್ಲ.

ಆದರೆ ಕೆಮ್ಮು ಗೋಡೆಯಾಚೆ ಕೇಳುತ್ತಿದೆ. ರಿಪೋರ್ಟಿಗೆ ಕಿವಿ ಇಲ್ಲ.


ಫೆಬ್ರವರಿ 15, ಶನಿವಾರ

102. 107. ಗ್ರಾಫ್ ತೊಳೆದ.

ನಿನ್ನೆ ಮೈಕನ್ನು ಕೆಲಸದಿಂದ ತೆಗೆದರಂತೆ. ತೊಟ್ಟಿಯ ಹತ್ತಿರ ಕೂತುಬಿಟ್ಟಳಂತೆ, ಏಳಲಿಲ್ಲ. ಸೀಟಿ ನಾಟಕ ಅಂದ. ಅವಳು ಬೈದಳು, ದನಿ ಹೊರಡಲಿಲ್ಲ. ಬೈಗುಳವೂ ಕೇಳಿಸದ ಹಾಗೆ ಹೊರಗೆ ಕಳಿಸಿದರು. ಕಾಂಟ್ರಾಕ್ಟ್ ಕೆಲಸ, ಕಾಗದ ಪತ್ರ ಏನೂ ಬೇಡ, ಗೇಟು ತೋರಿಸಿದರೆ ಸಾಕು.

"ರಜಾ ಹಾಕೇ" ಅಂದೆ ಇವಳಿಗೆ. "ಹಾಕಿದ್ರೆ ನನಗೂ ಗೇಟು" ಅಂದಳು. ಮುಖ ಬಿಳಿಚಿದೆ. ಒರಗಿಕೊಂಡೇ ನಿದ್ದೆ ಮಾಡುತ್ತಾಳೆ, ಮಲಗಿದರೆ ಕೆಮ್ಮು ಏಳಿಸುತ್ತದೆ.

ಹೊರಗೆ ಎಕ್ಸ್‌ರೇ ತೆಗೆಸೋಣ ಅಂದೆ. ಸೋಮವಾರ ಅಂದಳು. ಸೋಮವಾರ ಖಂಡಿತ.


ಫೆಬ್ರವರಿ 19, ಬುಧವಾರ. ಬೆಳಿಗ್ಗೆ 11.40, ಕ್ಯಾಶುಯಾಲ್ಟಿ ಹೊರಗೆ

ಸೋಮವಾರ ಡಬಲ್ ಶಿಫ್ಟ್ ಹಾಕಿದ್ದರು. ಮಂಗಳವಾರ ನಾಳೆ ಅಂದಳು. ಇವತ್ತು ತೊಟ್ಟಿಯ ಮೇಲೆ ಬಗ್ಗಿದವಳು ಹಾಗೇ ಬಿದ್ದಳು. ಬಟ್ಟೆ ತರುವ ಟ್ರಾಲಿಯಲ್ಲಿ ಹಾಕಿಕೊಂಡು ಬಂದಿದ್ದಾರೆ. ಈಗ ಹೊತ್ತು ತಂದರಲ್ಲ. ಈಗಲಾದರೂ ನ್ಯುಮೋನಿಯಾ ಅಂತೀಯಾ, ಮೂರು ನಿಮಿಷ?

ಕಣ್ಣಿನ ಬಿಳಿ ಹಳದಿಯಾಗಿದೆ. ಎರಡು ದಿನದಿಂದ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣವಂತೆ. ನನಗೆ ಹೇಳಿಲ್ಲ. "ನೀನು ಗಾಬರಿ ಆಗ್ತೀಯ ಅಂತ" — ಆಕ್ಸಿಜನ್ ಮಾಸ್ಕಿನೊಳಗಿಂದ ಹೇಳಿದಳು. ಒಂದೇ ಮನೆಯಲ್ಲಿದ್ದೀವಿ. ಊರಿನವರ ರಕ್ತವನ್ನೆಲ್ಲ ನೋಡುವವಳು ನಾನು.

ಎಕ್ಸ್‌ರೇ ಆಯಿತು. ಎರಡೂ ಶ್ವಾಸಕೋಶದ ಕೆಳಗೆ ಬಿಳಿ ಮಚ್ಚೆ, ಹತ್ತಿ ಚೆಲ್ಲಿದ ಹಾಗೆ. ಎದೆ ಕ್ಲಿಯರ್!


ಅದೇ ದಿನ. ಮಧ್ಯಾಹ್ನ 3.50, ಲ್ಯಾಬಿನ ಸ್ಟೋರ್ ರೂಮು

ಕ್ರಮವಾಗಿ ಬರೆಯಬೇಕು.

ಕ್ಯಾಶುಯಾಲ್ಟಿಯಿಂದ ತಂಗಿಯ ರಕ್ತ ಬಂತು. ಬೆಡ್ಡಿಗೆ ಸೇರಿದ ಮೇಲೆ ಹೆಸರು ಬಂದಿದೆ, ನಂಬರಲ್ಲ. ಮಷೀನಿಗೆ ಹಾಕಿದೆ. ಮುನಿಯಿತು. ಎಂದೂ ಕಾಣದ ಮುನಿಸು. ಹಿಮೋಗ್ಲೋಬಿನ್ ಏಳು ಪಾಯಿಂಟ್ ನಾಲ್ಕು. ಕೆಂಪು ಕಣ ಮಾತ್ರ ಸತ್ತವರಿಗೂ ಇಷ್ಟು ಕಡಿಮೆ ಇರಲಾರದು, ಅಷ್ಟು.

ಕೈ ತಾನೇ ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿಯಿತು. ಹದಿನಾರು ವರ್ಷದ ಅಭ್ಯಾಸ. ಹಿಡಿದು ನಿಂತಿದ್ದಾಗ ಹೊಳೆಯಿತು. ಕಾಫಿ ಲೋಟ.

ಮುಷ್ಟಿ ಬಿಚ್ಚಿದೆ. ಟ್ಯೂಬನ್ನು ಐಸ್ ಡಬ್ಬಿಯಲ್ಲಿಟ್ಟೆ. ಮೂರು ನಿಮಿಷ. ಓರೆ ಮಾಡಿದೆ. ಗಾಜಿನ ಗೋಡೆಯ ಮೇಲೆ ಕೆಂಪು ಮರಳು ಜಾರಿದ ಹಾಗೆ, ಕಾಳು ಕಾಳು. ಅಂಗೈಯಲ್ಲಿ ಇಟ್ಟೆ. ಕಾಳು ಕರಗಿ ನುಣ್ಣಗಾಯಿತು. ಮತ್ತೆ ಐಸು. ಮತ್ತೆ ಕಾಳು. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಹಾಗೇ.

ಅವಳ ಬೆರಳಿಗೆ ಹತ್ತಿದ್ದು ನೀಲಿ ಬಣ್ಣ ಅಲ್ಲ. ತಣ್ಣೀರಲ್ಲಿ ರಕ್ತ ಕಟ್ಟಿ ನೀಲಿಯಾಗಿತ್ತು, ಬಿಸಿ ಲೋಟ ಹಿಡಿದಾಗ ಬಿಟ್ಟಿತ್ತು. ನಾನು ಸೋಪು ಉಜ್ಜಿದೆ.

ಮೇಷ್ಟ್ರಿಗೆ ಫೋನ್ ಮಾಡಿದೆ.

"ಮೇಷ್ಟ್ರೇ, ಟ್ಯೂಬ್ ಯಾಕೆ ಮುನಿಯುತ್ತೆ?"

"ತಂಪಿಗೆ ಕಣಮ್ಮ. ಗೊತ್ತಲ್ಲ."

"ಅದೇ ತಂಪಲ್ಲಿ ಉಳಿದ ಅರವತ್ತು ಯಾಕೆ ಮುನಿಯಲ್ಲ?"

ಆ ಕಡೆ ರೇಡಿಯೋ ಸಣ್ಣಗೆ ಹಾಡುತ್ತಿತ್ತು, ಅದನ್ನು ಆರಿಸಿದ ಸದ್ದು ಕೇಳಿತು.

"ಮೂವತ್ತು ವರ್ಷ ರಮಿಸಿದೆ ಕಣಮ್ಮ" ಅಂದರು. "ಒಂದು ದಿನವೂ ಹಿಂಗೆ ಕೇಳ್ಲಿಲ್ಲ ನಾನು."

ತಂಗಿಯ ಬ್ಯಾಗಿನಿಂದ ಹದಿಮೂರನೇ ತಾರೀಕಿನ ಚೀಟಿ ತೆಗೆದೆ. ಮೂಲೆಯಲ್ಲಿ ಸಣ್ಣಕ್ಷರದ ನಂಬರು. ಈ ಪುಸ್ತಕ ತೆರೆದೆ. ಫೆಬ್ರವರಿ 12.

083.

ನಾನೇ. ನನ್ನ ಕೈಯೇ. ಅವಳ ರಕ್ತ ಕೂಗಿ ಹೇಳುತ್ತಿದ್ದುದನ್ನು ಹತ್ತು ನಿಮಿಷ ಬಾಯಿ ಮುಚ್ಚಿಸಿ, ನಾರ್ಮಲ್ ಅಂತ ಬರೆದು ಕಳಿಸಿದ್ದು ನಾನು. ಅದನ್ನು ನೋಡಿಯೇ ಸೀಲು ಬಿದ್ದದ್ದು. ಅವಳನ್ನು ತಣ್ಣೀರ ತೊಟ್ಟಿಗೆ ವಾಪಸು ನೂಕಿದ್ದು.


ಫೆಬ್ರವರಿ 20, ಗುರುವಾರ. ಬೆಳಿಗ್ಗೆ 10

ಎಂಟು ಗಂಟೆಗೇ ಎದೆ ಡಾಕ್ಟರ ರೂಮಿನ ಮುಂದೆ ನಿಂತೆ. ಹೊಸಬಳು, ನನಗಿಂತ ಚಿಕ್ಕವಳು. ಟೆಕ್ನಿಷಿಯನ್ ಡಾಕ್ಟರಿಗೆ ಕಾಯಿಲೆ ಹೇಳುವ ಹಾಗಿಲ್ಲ. ನಾವು ಅಂಕಿ ಕೊಡಬೇಕು, ಅರ್ಥ ಅವರದು. ನಾನು ಅರ್ಥ ಹೇಳಲಿಲ್ಲ. ಪ್ಲಾಸ್ಟಿಕ್ ಕಪ್ಪಿನಲ್ಲಿ ಐಸು, ಅದರಲ್ಲಿ ಟ್ಯೂಬು. ಮೇಜಿನ ಮೇಲಿಟ್ಟೆ.

"ಓರೆ ಮಾಡಿ ನೋಡಿ ಮೇಡಂ. ಆಮೇಲೆ ಮುಷ್ಟಿಯಲ್ಲಿ ಹಿಡ್ಕೊಂಡು ನೋಡಿ."

ನೋಡಿದಳು. ಹಿಡಿದಳು. ಮತ್ತೆ ನೋಡಿದಳು. ಬಾಯಲ್ಲಿದ್ದ ಬಿಸ್ಕತ್ತು ಅಗಿಯುವುದನ್ನೇ ಮರೆತಳು.

"ಯಾರ ರಕ್ತ?"

"ಐದನೇ ಬೆಡ್. ನನ್ನ ತಂಗಿ. ಅವಳೊಬ್ಬಳದ್ದೇ ಅಲ್ಲ. ಮೂರು ವಾರದಿಂದ ಬರ್ತಿದೆ."

"ಮೂರು ವಾರ! ಯಾರಿಗೂ ಹೇಳ್ಲಿಲ್ವಾ?"

"ಸರಿ ಮಾಡಿ ಕಳಿಸ್ತಿದ್ದೆ ಮೇಡಂ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿದಳು. ಕಾಗದದ ಹಿಂದೆ ಚಿತ್ರ ಬರೆದು ಹೇಳಿದಳು. ಅನುಮಾನ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಮೇಲೆ. ಒತ್ತೊತ್ತಾಗಿ ನಿಂತು ಕೆಲಸ ಮಾಡುವ ಕಡೆ ಒಬ್ಬರಿಂದೊಬ್ಬರಿಗೆ ನಿಧಾನ ಹಬ್ಬುತ್ತದೆ. ಸ್ಟೆತ್ತಿಗೆ ಎಷ್ಟೋ ಸಲ ಸಿಗುವುದಿಲ್ಲ, ಎಕ್ಸ್‌ರೇಗೆ ಸಿಗುತ್ತದೆ. ಅದರ ವಿರುದ್ಧ ಮೈ ಹೋರಾಡುವಾಗ ಕೆಲವರಲ್ಲಿ ಎಡವಟ್ಟಾಗುತ್ತದೆ, ತಂಪಿಗೆ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಪರೂಪಕ್ಕೆ ಒಡೆದೂ ಹೋಗುತ್ತವೆ. ಅದಕ್ಕೇ ಕಣ್ಣು ಹಳದಿ, ರಕ್ತ ಕಮ್ಮಿ.

"ಅಷ್ಟೊಂದು ಮಾತ್ರೆ ನುಂಗಿದ್ಲಲ್ಲ ಮೇಡಂ?"

"ಅವೆಲ್ಲ ಬ್ಯಾಕ್ಟೀರಿಯಾದ ಗೋಡೆ ಒಡೆಯೋ ಮಾತ್ರೆ. ಇದಕ್ಕೆ ಗೋಡೆನೇ ಇಲ್ಲ. ಇಲ್ಲದ ಗೋಡೆಗೆ ಮೂರು ವಾರ ಸುತ್ತಿಗೆಯಲ್ಲಿ ಹೊಡೆದಿದ್ದೀವಿ." ಪೆನ್ನು ಕೆಳಗಿಟ್ಟು, "ಇದಕ್ಕೆ ಇಂಗ್ಲಿಷಲ್ಲಿ ವಾಕಿಂಗ್ ನ್ಯುಮೋನಿಯಾ ಅಂತಾರೆ. ರೋಗಿ ಓಡಾಡ್ಕೊಂಡೇ ಇರ್ತಾರೆ" ಅಂದಳು.

ನಡ್ಕೊಂಡು ಬಂದ್ಲಲ್ಲಮ್ಮ! ಕಾಯಿಲೆಯ ಹೆಸರಲ್ಲೇ ನಡಿಗೆ ಇದೆ. ನಡೆದದ್ದೇ ಇವಳ ಅಪರಾಧವಾಯಿತು.

"ಟ್ಯೂಬ್ ಒಂದನ್ನೇ ನಂಬೋ ಹಾಗಿಲ್ಲ, ಬೇರೆ ಕಾರಣಕ್ಕೂ ಹಿಂಗಾಗುತ್ತೆ. ಗಂಟಲಿನ ಸ್ವಾಬ್ ಪಿಸಿಆರ್‌ಗೆ ಹೊರಗೆ ಕಳಿಸ್ತೀನಿ, ಎರಡು ದಿನ. ಆದ್ರೆ ಔಷಧಿಗೆ ಕಾಯಲ್ಲ. ಅಜಿತ್ರೋಮೈಸಿನ್ ಇವತ್ತೇ."

ವಾರ್ಡಿಗೆ ಹೋಗಿ ತಾನೇ ಎಸಿ ಆರಿಸಿದಳು. ಎರಡು ಕಂಬಳಿ. ಡ್ರಿಪ್ಪಿನ ನೀರನ್ನು ಬೆಚ್ಚಗೆ ಮಾಡಿ ಹಾಯಿಸಿ ಅಂದಳು. ತಣ್ಣೀರು ಮುಟ್ಟಿಸಬೇಡಿ, ಕುಡಿಯಲೂ ಬೇಡ. ತಂಗಿಯ ಪಕ್ಕದಲ್ಲಿ ಕೂತು ಅವಳ ಎರಡೂ ಕೈಯನ್ನು ನನ್ನ ಕೈಯೊಳಗೆ ಹಿಡಿದೆ.

"ಏನಕ್ಕ, ರಮಿಸ್ತಿದ್ದೀಯಾ?" ಅಂದಳು.

ಇವಳಿಗೆ ಆ ಮಾತು ಯಾವಾಗ ಹೇಳಿದ್ದೆ? ಎದ್ದು ಹೊರಗೆ ಬಂದುಬಿಟ್ಟೆ.


ಫೆಬ್ರವರಿ 21, ಶುಕ್ರವಾರ. ಮಧ್ಯಾಹ್ನ

ಹಿಮೋಗ್ಲೋಬಿನ್ 6.3. ಇಳಿಯುತ್ತಿದೆ. ಆರಕ್ಕಿಂತ ಕೆಳಗೆ ಹೋದರೆ ರಕ್ತ ಕೊಡಬೇಕಂತೆ. ಆದರೆ ಇವಳ ರಕ್ತ ಯಾರ ರಕ್ತದ ಜೊತೆ ಇಟ್ಟರೂ ಗಂಟು ಕಟ್ಟುತ್ತಿದೆ, ಹೊಂದಿಸಿ ನೋಡಲು ಆಗುತ್ತಿಲ್ಲ ಅಂತ ಬ್ಲಡ್ ಬ್ಯಾಂಕಿನವರು. ಎಲ್ಲವನ್ನೂ ಬೆಚ್ಚಗಿಟ್ಟು ಮತ್ತೆ ಮಾಡಿ ಅಂದೆ. ಮಾಡುತ್ತಿದ್ದಾರೆ.

ಆರು ಪಾಯಿಂಟ್ ಮೂರು. ಎಷ್ಟು ಜನರ ಚೀಟಿಯಲ್ಲಿ ಈ ಅಂಕಿ ಬರೆದಿದ್ದೇನೆ. ಬರೆದು, ಕೈ ತೊಳೆದು, ಊಟಕ್ಕೆ ಹೋಗಿದ್ದೇನೆ.


ಫೆಬ್ರವರಿ 22, ಶನಿವಾರ. ಸಂಜೆ 5

ಪಿಸಿಆರ್ ಬಂತು. ಪಾಸಿಟಿವ್. ಮೈಕೋಪ್ಲಾಸ್ಮಾ. ಕಾಯಿಲೆಗೆ ಹೆಸರು ಸಿಕ್ಕಿದ್ದಕ್ಕೂ ಅಳು ಬರುತ್ತದೆ ಅಂತ ಗೊತ್ತಿರಲಿಲ್ಲ.

ಹಿಮೋಗ್ಲೋಬಿನ್ 6.2. ಇಳಿತ ನಿಧಾನವಾಗಿದೆ. ಇನ್ನೂ ನಿಂತಿಲ್ಲ.

ಎದೆ ಡಾಕ್ಟರ್ ಲಾಂಡ್ರಿಯವರನ್ನೆಲ್ಲ ಪರೀಕ್ಷೆ ಮಾಡಬೇಕು ಅಂತ ಬರೆದು ಕೊಟ್ಟಳು. ಮ್ಯಾನೇಜ್‌ಮೆಂಟ್ ಕೇಳಿತು, ಆಧಾರ ಏನು? ಒಬ್ಬಳದ್ದು ತಾನೇ, ಮನೆಯಿಂದ ತಂದಿರಬೇಕು. ಗ್ರಾಫ್‌ನನ್ನು ಕೇಳಿದರು. ಅವನು ರಿಜಿಸ್ಟರ್ ತೆಗೆದು ತೋರಿಸಿದ. ಫೆಬ್ರವರಿಯಲ್ಲಿ ರಿಪೀಟ್, ಸೊನ್ನೆ. ಮಷೀನ್ ಮೆಮೊರಿ, ಖಾಲಿ. ನಂಬರುಗಳ ಹಿಂದಿನ ಹೆಸರು ಕೊಡಿ ಅಂದರೆ ಸ್ಟಾಫ್ ಕ್ಲಿನಿಕ್ಕಿನ ಮೂರು ನಿಮಿಷ "ಗೌಪ್ಯತೆ" ಅಂದ.

ಆಮೇಲೆ ಗ್ರಾಫ್ ನನ್ನನ್ನು ಒಳಗೆ ಕರೆದ. ಬಾಗಿಲು ಹಾಕಿದ.

"ನೀನು ರಿಪೀಟ್ ಮಾಡಿದ್ದೀನಿ ಅಂತ ಎಲ್ಲೂ ಹೇಳ್ಬೇಡ. ದಾಖಲೆ ಇಲ್ಲ. ಇದ್ರೆ ಮೊದಲು ಹೋಗೋದು ನಿನ್ನ ಕೆಲಸ. ಬರೀದೇ ಇದ್ದದ್ದು ನೀನು."

"ಬರೀಬೇಡ ಅಂದಿದ್ದು ನೀವು ಸರ್."

"ಅದೂ ಎಲ್ಲಾದ್ರೂ ಬರೆದಿದೆಯಾ?"

ಬರೆದಿದೆ. ನನ್ನ ಊಟದ ಚೀಲದಲ್ಲಿ, ಡಬ್ಬಿಯ ಕೆಳಗೆ. ಅವನ ಮೇಜಿನಿಂದ ಎರಡು ಅಡಿ ದೂರದಲ್ಲಿತ್ತು.


ಫೆಬ್ರವರಿ 23, ಭಾನುವಾರ. ಬೆಳಿಗ್ಗೆ 9

ಪುಟ ಹರಿದು ಕೊಡೋಣ ಅಂದುಕೊಂಡೆ. ನಂಬರುಗಳಿರುವ ಐದು ಪುಟ. ಬ್ಲೇಡ್ ಕೂಡ ತೆಗೆದೆ. ಉಳಿದದ್ದು ನನ್ನದು, ಸುಳ್ಳು ಹೇಳಿ ಗುಡ್ ಅನ್ನಿಸಿಕೊಂಡದ್ದು, ಸೋಪು ಉಜ್ಜಿದ್ದು, ಹತ್ತೊಂಬತ್ತನೇ ತಾರೀಕಿನದು. ಇನ್ನೊಬ್ಬರು ಓದುವುದು ಅಂದರೆ ಬಟ್ಟೆ ಬಿಚ್ಚಿ ನಿಂತ ಹಾಗೆ.

ಹರಿದ ಪುಟವನ್ನು ಯಾರು ನಂಬುತ್ತಾರೆ? ನಿನ್ನೆ ಬರೆದದ್ದು ಅಂತಾರೆ. ಕೊಟ್ಟರೆ ಪೂರ್ತಿ ಕೊಡಬೇಕು. ಬ್ಲೇಡ್ ವಾಪಸಿಟ್ಟೆ.

ತಂಗಿಗೆ ಹೇಳಿದೆ. 083 ನಾನೇ ಮಾಡಿದ್ದು ಅಂತಲೂ ಹೇಳಿದೆ. ಚಾವಣಿ ನೋಡುತ್ತಾ ಮಲಗಿದ್ದಳು.

"ಉಳಿದೋರಿಗೆ ಔಷಧಿ ಕೊಟ್ರಾ?" ಅಂದಳು.

"ಇಲ್ಲ."

"ಹಾಗಾದ್ರೆ ಇಲ್ಲಿ ಕೂತು ನನ್ನ ಕೈ ಹಿಡ್ಕೊಂಡು ಏನ್ ಮಾಡ್ತಿದ್ದೀಯ? ಏಳು."


ಫೆಬ್ರವರಿ 24, ಸೋಮವಾರ. ಮಧ್ಯಾಹ್ನ 12.30

6.4. ಮೇಲೆ! ಮೂರು ಸಲ ಹಾಕಿದೆ, ರಿಜಿಸ್ಟರಿನಲ್ಲಿ ಮೂರೂ ರಿಪೀಟ್ ಅಂತ ಕೆಂಪು ಪೆನ್ನಿನಲ್ಲಿ ಬರೆದೆ. ಏರಲಿ ಗ್ರಾಫ್. ಜ್ವರವೂ ಇಳಿದಿದೆ. ಎದೆ ಡಾಕ್ಟರ್, "ಈಗಲೇ ಕುಣೀಬೇಡ, ಇನ್ನೆರಡು ದಿನ ನೋಡೋಣ" ಅಂದಳು. ಅವಳೂ ನಗುತ್ತಿದ್ದಳು.

ಬೆಳಿಗ್ಗೆ ಆರಕ್ಕೆ ಲಾಂಡ್ರಿಗೆ ಇಳಿದಿದ್ದೆ, ಸೀಟಿ ಬರುವ ಮೊದಲು. ಎಲ್ಲರೂ ಸುತ್ತ ನಿಂತರು. ನಿಮ್ಮ ರಕ್ತದ ಚೀಟಿ ತಂದುಕೊಡಿ, ಮೂಲೆಯ ನಂಬರ್ ನನಗೆ ಬೇಕು, ನಿಮ್ಮ ರಿಪೋರ್ಟನ್ನು ನಾರ್ಮಲ್ ಮಾಡಿದ್ದು ನನ್ನ ಕೈ, ಅಂದೆ. ಇಸ್ತ್ರಿಯ ದೊಡ್ಡಕ್ಕ ಸೆರಗಿನ ಗಂಟಿನಿಂದ ಮಡಿಸಿದ ಚೀಟಿ ತೆಗೆದಳು. "ತಗೋ. ಆಮೇಲೆ ಬೈತೀನಿ, ಈಗ ಕೆಮ್ಮು" ಅಂದಳು. ಮಿಕ್ಕವರೂ ಒಬ್ಬೊಬ್ಬರಾಗಿ ಕೊಟ್ಟರು. ಮನೆಗೆ ಓಡಿ ಹೋಗಿ ತಂದವರೂ ಇದ್ದಾರೆ.

017 — ಇಸ್ತ್ರಿಯ ದೊಡ್ಡಕ್ಕ.
031 — ಒಣಗಿಸುವ ಕೋಣೆಯವಳು. ಎದೆಹಾಲು ಕುಡಿಯುವ ಕೂಸಿದೆ. ಕೂಸಿಗೂ ಕೆಮ್ಮು.
058 — ಕೊಳೆ ಬಟ್ಟೆಯ ಗಂಟು ಬಿಚ್ಚುವವಳು.
081, 086 — ಅತ್ತೆ, ಸೊಸೆ. ಒಂದೇ ಒಗೆಯುವ ಮಷೀನ್.
083 — ನನ್ನ ತಂಗಿ.
102 — ಕೋಟಿನ ಗುಂಡಿ ಹೊಲಿಯುವವಳು.
107 — ಟ್ರಾಲಿ ತಳ್ಳುವವಳು. ತಂಗಿಯನ್ನು ಮೇಲೆ ತಂದವಳು ಅವಳೇ.

ಎಂಟಕ್ಕೆ ಎಂಟೂ ಲಾಂಡ್ರಿ. ಎದೆ ಡಾಕ್ಟರ್ ಏಳು ಜನರನ್ನೂ ಎಕ್ಸ್‌ರೇಗೆ ಕಳಿಸಿದ್ದಾಳೆ. ಯಾರ ಸಹಿಗೂ ಕಾಯಲಿಲ್ಲ. ಎರಡು ಗಂಟೆಗೆ ಮ್ಯಾನೇಜ್‌ಮೆಂಟ್ ಮೀಟಿಂಗ್. ಪುಸ್ತಕ ಅಷ್ಟರೊಳಗೆ ಅವಳ ಕೈಗೆ ಕೊಡಬೇಕು. ಗ್ರಾಫ್‌ಗೂ ಸಿಗುತ್ತದೆ, ಓದಲಿ. ಕೆಲಸ ಹೋಗುತ್ತದೆ. ಹೋಗುವುದು ನನ್ನ ಕೆಲಸ, ಅವರ ಉಸಿರಲ್ಲ.

034ರ ಚೀಟಿ ಬರಲಿಲ್ಲ. ಮೈಕ್‌ದೇ ಇರಬೇಕು, ಆ ವಾರ ಅವಳೂ ರಕ್ತ ಕೊಟ್ಟಿದ್ದಳಂತೆ. ಕಾಂಟ್ರಾಕ್ಟರನ ಆಫೀಸಿನಲ್ಲಿ ಅವಳ ಹೆಸರನ್ನೇ ಅಳಿಸಿದ್ದಾರೆ. ವಿಳಾಸ ಇಲ್ಲ. ಹದಿನಾಲ್ಕನೇ ತಾರೀಕಿನಿಂದ ಅವಳನ್ನು ಯಾರೂ ಕಂಡಿಲ್ಲ. ಹತ್ತು ದಿನ.

ತಂಗಿಯನ್ನು ಕೇಳಿದೆ. ಮಾಸ್ಕ್ ಕೆಳಗೆಳೆದಳು. ನರ್ಸ್ ಬೈದರೂ ಬಿಡಲಿಲ್ಲ. "ನೀರಿನ ಟ್ಯಾಂಕಿನ ಹಿಂದೆ... ಮೂರನೇ ಓಣಿ... ಹಸಿರು ಬಾಗಿಲು. ಒಬ್ಬಳೇ ಇರೋದು ಅಕ್ಕ. ಜೋರಾಗಿ ಬಡಿ. ಅವಳು ಕೂಗಿದ್ರೂ ನಿನಗೆ ಕೇಳಿಸಲ್ಲ."

ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಟ್ರಾಲಿಯವಳು ಜೊತೆಗೆ ಬರುತ್ತಾಳಂತೆ, ಎಕ್ಸ್‌ರೇ ಆಮೇಲೆ ತೆಗೆಸುತ್ತಾಳಂತೆ, ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಾಳೆ. ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿದೆ, ಕಂಬಳಿ ತಗೊಂಡೆ. ಪುಸ್ತಕವನ್ನು ಹೋಗುತ್ತಾ ಎದೆ ಡಾಕ್ಟರಿಗೆ ಕೊಡುತ್ತೇನೆ. ಓದುವವರು ಯಾರೇ ಆಗಲಿ, ಇದೊಂದು ಸಾಲು ಖಾಲಿ ಬಿಟ್ಟಿದ್ದೇನೆ, ತುಂಬಬೇಡಿ. ಅವಳ ನಿಜವಾದ ಹೆಸರು ತಂಗಿಗೂ ಗೊತ್ತಿಲ್ಲ. ಅವಳನ್ನೇ ಕೇಳಿಕೊಂಡು ಬಂದು ನಾನೇ

034 —